ಮೂತ್ರಪಿಂಡ ರೋಗಿಗೆ ಎಷ್ಟು ಹಾಲು? ಆಹಾರ ತಜ್ಞರ ಲೆಕ್ಕ ಮತ್ತು ನಮ್ಮ ಮನೆಯ ಅಡುಗೆ



ಹಾಲು ಕುಡಿದರೆ ಶಕ್ತಿ ಬರುತ್ತದೆ ಎಂಬುದು ನಮ್ಮೆಲ್ಲರ ಮನೆಯ ಮಾತು. ಬೆಳೆಯುವ ಮಗುವಿಗೆ ಹಾಲು, ಬಾಣಂತಿಗೆ ಹಾಲು, ಜ್ವರ ಬಿಟ್ಟು ಎದ್ದವರಿಗೆ ಹಾಲು. ಈ ಮಾತು ಸುಳ್ಳಲ್ಲ. ಆದರೆ ಮನೆಯಲ್ಲಿ ಒಬ್ಬರ ಮೂತ್ರಪಿಂಡ ಕೆಟ್ಟಿದೆ ಎಂದು ವೈದ್ಯರು ಹೇಳಿದ ಮೇಲೆ ಇದೇ ಮಾತನ್ನು ಹಾಗೆಯೇ ಪಾಲಿಸಲು ಬರುವುದಿಲ್ಲ. ರೋಗಿ ಸೊರಗುತ್ತಿದ್ದಾರೆಂದು, ಕೊಟ್ಟಿಗೆಯಲ್ಲಿ ಹಸು ಇದೆಯೆಂದು, ಲೋಟದ ಮೇಲೆ ಲೋಟ ಹಾಲು ಕುಡಿಸುವವರಿದ್ದಾರೆ. ಯಾರೋ ಹೇಳಿದರೆಂದು ಹಾಲು, ಬೇಳೆ, ಮೊಟ್ಟೆ, ಹಣ್ಣು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿ ಬರೀ ಗಂಜಿಯ ಮೇಲೆ ಇಡುವವರೂ ಇದ್ದಾರೆ. ಎರಡರಿಂದಲೂ ರೋಗಿಗೆ ಕೇಡೇ.

ಈ ಎರಡರ ನಡುವೆ ದಾರಿ ತೋರಿಸುವುದು ಡಯಟೀಷಿಯನ್ ಎಂದು ಕರೆಯುವ ಆಹಾರ ತಜ್ಞರ ಕೆಲಸ. ದೊಡ್ಡ ಆಸ್ಪತ್ರೆಗಳಲ್ಲಿ ಮೂತ್ರಪಿಂಡ ರೋಗಿಗಳಿಗೆಂದೇ ಪಳಗಿದ ಆಹಾರ ತಜ್ಞರು ಇರುತ್ತಾರೆ. ನಾನು ಪಶುವೈದ್ಯ. ಮನುಷ್ಯರಿಗೆ ಪಥ್ಯ ಬರೆದುಕೊಡುವವನಲ್ಲ. ಆದರೆ ಹಸುವಿಗೆ ಸಮತೋಲನ ಆಹಾರದ ಲೆಕ್ಕ ಹಾಕುವ ರೀತಿಗೂ ಈ ತಜ್ಞರು ರೋಗಿಗೆ ಹಾಕುವ ಲೆಕ್ಕಕ್ಕೂ ಬಹಳ ಹೋಲಿಕೆ ಇದೆ. ನಿಮಗೆ ಗೊತ್ತಿರುವ ಆ ಲೆಕ್ಕದ ಮೂಲಕವೇ ಅವರ ಕೆಲಸವನ್ನು ಇಲ್ಲಿ ವಿವರಿಸುತ್ತೇನೆ.

ಮೂತ್ರಪಿಂಡ ಮಾಡುವ ಕೆಲಸ

ನಮ್ಮ ಬೆನ್ನಿನ ಎರಡೂ ಪಕ್ಕದಲ್ಲಿ ಒಂದೊಂದು ಮೂತ್ರಪಿಂಡವಿದೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಸಂಘದ 40 ಲೀಟರಿನ ಕ್ಯಾನ್ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕೂವರೆ ಕ್ಯಾನ್. ಅದರಲ್ಲಿ ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಬೇಡದ್ದನ್ನು ಒಂದೂವರೆಯಿಂದ ಎರಡು ಲೀಟರ್ ಮೂತ್ರದಲ್ಲಿ ಹೊರಹಾಕುತ್ತವೆ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹೆಚ್ಚು ವರ್ಷ ಹತೋಟಿ ತಪ್ಪಿದರೆ ಈ ಜರಡಿಗಳು ಒಂದೊಂದಾಗಿ ನಾಶವಾಗುತ್ತವೆ. ಮೊದಮೊದಲು ಏನೂ ತಿಳಿಯುವುದಿಲ್ಲ. ಕಾಲು ಊತ, ಸುಸ್ತು, ಊಟ ಸೇರದಿರುವುದು ಕಾಣುವ ಹೊತ್ತಿಗೆ ಬಹುಪಾಲು ಹಾನಿ ಆಗಿಹೋಗಿರುತ್ತದೆ. ಆಗ ಸಸಾರಜನಕದ ಕಸವಾದ ಯೂರಿಯಾ, ಜೊತೆಗೆ ಪೊಟ್ಯಾಸಿಯಂ, ರಂಜಕ, ಉಪ್ಪು ಮತ್ತು ನೀರು ದೇಹದಲ್ಲೇ ನಿಲ್ಲುತ್ತವೆ.

ಇಲ್ಲಿ ಹಸುವಿಗೂ ನಮಗೂ ಒಂದು ವ್ಯತ್ಯಾಸವಿದೆ. ಯೂರಿಯಾ ಉಪಚರಿಸಿದ ಒಣಹುಲ್ಲು ತಿಂದ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಆ ಯೂರಿಯಾವನ್ನೇ ಸಸಾರಜನಕವನ್ನಾಗಿ ಮಾಡಿಕೊಡುತ್ತವೆ. ರಕ್ತದಲ್ಲಿರುವ ಯೂರಿಯಾ ಕೂಡ ಜೊಲ್ಲಿನ ಮೂಲಕ ಮತ್ತೆ ಆ ಹೊಟ್ಟೆ ಸೇರುತ್ತದೆ. ಮನುಷ್ಯನಿಗೆ ಅಂಥ ಹೊಟ್ಟೆ ಇಲ್ಲ. ಮೂತ್ರಪಿಂಡ ಹೊರಹಾಕದಿದ್ದರೆ ಅದು ರಕ್ತದಲ್ಲಿ ಸೇರುತ್ತಲೇ ಹೋಗುತ್ತದೆ. ಆದ್ದರಿಂದಲೇ ಬಾಯಿಗೆ ಹೋಗುವುದನ್ನು ಅಳೆಯಬೇಕಾಗುತ್ತದೆ.

ಆಹಾರ ತಜ್ಞರು ಲೆಕ್ಕ ಹಾಕುವ ಬಗೆ

ಹಸುವಿಗೆ ಮೈ ನಿರ್ವಹಣೆಗೆ ಇಷ್ಟು, ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ ಎಂದು ನಾವು ಹೇಳುತ್ತೇವೆ. ಗಬ್ಬದ ಹಸುವಿಗೆ ಒಂದು ಲೆಕ್ಕ, ಕರೆಯುವ ಹಸುವಿಗೆ ಇನ್ನೊಂದು. ಆಹಾರ ತಜ್ಞರೂ ಹೀಗೆಯೇ ಮೊದಲು ರೋಗಿಯ ತೂಕ ನೋಡುತ್ತಾರೆ. ಊತದ ನೀರನ್ನು ಕಳೆದು ಉಳಿಯುವ ತೂಕವನ್ನು ಹಿಡಿಯುತ್ತಾರೆ. ನಂತರ ರಕ್ತ ಪರೀಕ್ಷೆಯ ಚೀಟಿ ನೋಡುತ್ತಾರೆ. ಕ್ರಿಯಾಟಿನಿನ್, ಪೊಟ್ಯಾಸಿಯಂ, ರಂಜಕ, ಆಲ್ಬುಮಿನ್, ಸಕ್ಕರೆ ಎಷ್ಟಿದೆ ಎಂಬುದೇ ಅವರಿಗೆ ಆಧಾರ.

ಅನಂತರ ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿರಿ ಎಂದು ಕೇಳುತ್ತಾರೆ. ಯಾವ ಅಳತೆಯ ಲೋಟ, ಎಷ್ಟು ಸೌಟು ಸಾರು, ಮುದ್ದೆ ಎಷ್ಟು ದಪ್ಪ, ಉಪ್ಪಿನಕಾಯಿ ಎಷ್ಟು ಹೋಳು ಎಂದೆಲ್ಲ ವಿಚಾರಿಸುತ್ತಾರೆ. ಇದನ್ನು ಕೆಲವರು ಅನಗತ್ಯ ವಿಚಾರಣೆ ಎಂದು ಬೇಸರಪಡುತ್ತಾರೆ. ಹಾಗೆ ಭಾವಿಸಬಾರದು. ಲ್ಯಾಕ್ಟೋಮೀಟರ್ ಇಲ್ಲದೆ ಹಾಲಿನ ಗುಣ ಹೇಳಲಾಗದಂತೆ, ಈ ವಿವರವಿಲ್ಲದೆ ಅವರು ಲೆಕ್ಕ ಹಾಕಲಾರರು. ಯಾವ ಧಾನ್ಯದಲ್ಲಿ, ಯಾವ ತರಕಾರಿಯಲ್ಲಿ ಏನೆಷ್ಟಿದೆ ಎಂಬುದಕ್ಕೆ ಅವರ ಬಳಿ ಕೋಷ್ಟಕವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಅಂಥ ಕೋಷ್ಟಕವನ್ನು ಪ್ರಕಟಿಸಿದೆ.

ಈಗ ಒಂದು ಉದಾಹರಣೆ ನೋಡೋಣ. ರೋಗಿಯ ತೂಕ 50 ಕಿಲೋ, ಕಾಯಿಲೆ ಮುಂದುವರಿದಿದೆ, ಆದರೆ ಡಯಾಲಿಸಿಸ್ ಆರಂಭವಾಗಿಲ್ಲ ಎಂದುಕೊಳ್ಳಿ. ಇಂಥವರಿಗೆ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.6ರಿಂದ 0.8 ಗ್ರಾಂ ಸಸಾರಜನಕ ಗೊತ್ತುಮಾಡುತ್ತಾರೆ. ಅಂದರೆ ದಿನಕ್ಕೆ 30ರಿಂದ 40 ಗ್ರಾಂ. 150 ಗ್ರಾಂ ಅಕ್ಕಿಯಿಂದ ಸುಮಾರು 11 ಗ್ರಾಂ, ಎರಡು ಚಪಾತಿಯಿಂದ 6 ಗ್ರಾಂ, 25 ಗ್ರಾಂ ತೊಗರಿಬೇಳೆಯಿಂದ 5 ಗ್ರಾಂ, ತರಕಾರಿ ಹಣ್ಣಿನಿಂದ 3 ಗ್ರಾಂ, 200 ಮಿ.ಲೀ. ಹಾಲು ಅಥವಾ ಮೊಸರಿನಿಂದ 6 ಗ್ರಾಂ, ಒಂದು ಮೊಟ್ಟೆಯ ಬಿಳಿ ಭಾಗದಿಂದ ಮೂರೂವರೆ ಗ್ರಾಂ. ಒಟ್ಟು ಸುಮಾರು 35 ಗ್ರಾಂ ಆಯಿತು. ನೋಡಿ, ಇಲ್ಲಿ ಅನ್ನವೂ ಇದೆ, ಬೇಳೆಯೂ ಇದೆ, ಹಾಲೂ ಇದೆ. ಯಾವುದನ್ನೂ ಪೂರ್ತಿ ನಿಲ್ಲಿಸಿಲ್ಲ. ಎಲ್ಲಕ್ಕೂ ಅಳತೆ ಬಂದಿದೆ, ಅಷ್ಟೇ.

ಹೊಟ್ಟೆ ತುಂಬ ಉಣ್ಣದಿದ್ದರೂ ಅಪಾಯ

ಸಸಾರಜನಕ ಕಡಿಮೆ ಮಾಡಿ ಎಂದರೆ ಊಟವನ್ನೇ ಕಡಿಮೆ ಮಾಡಿ ಎಂದರ್ಥವಲ್ಲ. ಆಗತಾನೆ ಕರು ಹಾಕಿದ ಹೆಚ್ಚು ಹಾಲಿನ ಹಸುವಿಗೆ ಮೇವು ಸಾಲದಿದ್ದರೆ ಅದು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ, ಪಕ್ಕೆಲುಬು ಕಾಣುತ್ತದೆ. ರೋಗಿಗೆ ಶಕ್ತಿ ಕೊಡುವ ಆಹಾರ ಸಾಲದಿದ್ದರೂ ಹೀಗೆಯೇ ಆಗುತ್ತದೆ. ದೇಹ ತನ್ನ ಮಾಂಸಖಂಡವನ್ನೇ ಒಡೆದು ಉರಿಸುತ್ತದೆ. ಆಗ ಅದೇ ಯೂರಿಯಾ ಮತ್ತೆ ರಕ್ತ ಸೇರುತ್ತದೆ. ರೋಗಿ ಸೊರಗುತ್ತಾರೆ, ಯೂರಿಯಾವೂ ಇಳಿಯುವುದಿಲ್ಲ.

ಆದ್ದರಿಂದ ದಿನಕ್ಕೆ ಕಿಲೋ ತೂಕಕ್ಕೆ 25ರಿಂದ 35 ಕ್ಯಾಲೊರಿ ಸೇರುವಂತೆ ನೋಡುತ್ತಾರೆ. ಇದಕ್ಕಾಗಿ ಎಣ್ಣೆ, ತುಪ್ಪ, ಅನ್ನ, ಸಸಾರಜನಕವೇ ಇಲ್ಲವೆನ್ನಬಹುದಾದ ಸಬ್ಬಕ್ಕಿ ಮುಂತಾದವನ್ನು ಸೇರಿಸುತ್ತಾರೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಈ ಪ್ರಮಾಣ ಬದಲಾಗುತ್ತದೆ.

ಡಯಾಲಿಸಿಸ್ ಶುರುವಾದರೆ ಲೆಕ್ಕ ತಿರುಗುತ್ತದೆ

ಮನೆಯವರು ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಕೃತಕ ಮೂತ್ರಪಿಂಡ ಬರುವ ಮೊದಲು ಪಥ್ಯವೇ ಮುಖ್ಯ ಚಿಕಿತ್ಸೆಯಾಗಿತ್ತು. ನೆದರ್‌ಲ್ಯಾಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಕೃತಕ ಮೂತ್ರಪಿಂಡ ಯಂತ್ರ ಕಟ್ಟಿದರು. ಇಂದು ನಮ್ಮ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ನಡೆಯುತ್ತದೆ. ಯಂತ್ರಕ್ಕೆ ಹಚ್ಚಿದಾಗ ಕಸದ ಜೊತೆಗೆ ಒಂದಷ್ಟು ಸಸಾರಜನಕದ ಅಂಶವೂ ಹೊರಗೆ ಹೋಗುತ್ತದೆ. ಹೀಗಾಗಿ ಅಲ್ಲಿಯವರೆಗೆ 35 ಗ್ರಾಂ ಇದ್ದವರಿಗೆ ಈಗ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ, ಅಂದರೆ 50ರಿಂದ 60 ಗ್ರಾಂ ಬೇಕಾಗುತ್ತದೆ. ನಿನ್ನೆ ಬೇಡವೆಂದ ತಜ್ಞರೇ ಇಂದು ತಿನ್ನಿ ಎನ್ನುತ್ತಾರಲ್ಲ ಎಂದು ಅವರ ಮೇಲೆ ಅಪನಂಬಿಕೆ ಪಡಬೇಡಿ. ಬತ್ತಿದ ಹಸುವಿನ ಪಡಿಯನ್ನೇ ಕರೆಯುವ ಹಸುವಿಗೂ ಹಾಕುತ್ತೇವೆಯೆ?

ಆದರೆ ಪೊಟ್ಯಾಸಿಯಂ, ರಂಜಕ, ನೀರು ಇವುಗಳ ಮಿತಿ ಮಾತ್ರ ಬಿಗಿಯಾಗಿಯೇ ಇರುತ್ತದೆ. ವಾರದಲ್ಲಿ 168 ಗಂಟೆಗಳಿವೆ. ಮೂರು ಸಲ ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಹಚ್ಚಿದರೂ ಆದದ್ದು 12 ಗಂಟೆ. ಉಳಿದ 156 ಗಂಟೆ ಊಟದ ಅಳತೆಯೇ ಕಾಯಬೇಕು. ಆದ್ದರಿಂದ ಡಯಾಲಿಸಿಸ್ ರೋಗಿಗೆ ಹೆಚ್ಚಿನ ಸಸಾರಜನಕವನ್ನು ಹಾಲಿನಿಂದಲೇ ತುಂಬಿಸುವುದಿಲ್ಲ. ರಂಜಕ ಬಹಳ ಕಡಿಮೆ ಇರುವ ಮೊಟ್ಟೆಯ ಬಿಳಿಯಂಥವನ್ನು ಆರಿಸುತ್ತಾರೆ. ಮೊಟ್ಟೆ ಮುಟ್ಟದ ಮನೆಯವರು ಅದನ್ನು ಮೊದಲೇ ಹೇಳಿದರೆ ಬೇಳೆ, ಅಳತೆಯ ಪನೀರು, ಮೊಸರು ಸೇರಿಸಿ ಬೇರೆ ಪಟ್ಟಿ ಮಾಡಿಕೊಡುತ್ತಾರೆ.

ಹಾಲಿನ ಎಸ್.ಎನ್.ಎಫ್. ಮತ್ತು ರೋಗಿ

ಸಂಘದಲ್ಲಿ ನಿಮಗೆ ಫ್ಯಾಟ್ ಮತ್ತು ಎಸ್.ಎನ್.ಎಫ್. ನೋಡಿ ಹಣ ಬರುತ್ತದೆ. ಎಸ್.ಎನ್.ಎಫ್. ಎಂದರೆ ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ. ಸಸಾರಜನಕ, ಸುಣ್ಣ, ರಂಜಕ, ಪೊಟ್ಯಾಸಿಯಂ ಎಲ್ಲ ಇರುವುದು ಅದರಲ್ಲಿಯೇ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32 ಗ್ರಾಂ ಸಸಾರಜನಕ, 900 ಮಿ.ಗ್ರಾಂ ರಂಜಕ, 1500 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಎಮ್ಮೆಯ ಹಾಲಿನಲ್ಲಿ ಸಸಾರಜನಕ ಮತ್ತು ರಂಜಕ ಇನ್ನೂ ಹೆಚ್ಚು.

ಮೂತ್ರಪಿಂಡ ಕೆಟ್ಟವರಿಗೆ ದಿನವೊಂದಕ್ಕೆ ರಂಜಕದ ಮಿತಿ ಸಾಮಾನ್ಯವಾಗಿ 800ರಿಂದ 1000 ಮಿ.ಗ್ರಾಂ. ಅಂದರೆ ಒಂದು ಲೀಟರ್ ಹಾಲಿನಲ್ಲಿಯೇ ಆ ದಿನದ ಮಿತಿ ಮುಗಿದಂತೆ. ರಕ್ತದಲ್ಲಿ ರಂಜಕ ಏರಿದರೆ ಮೈ ತುರಿಕೆ ಬರುತ್ತದೆ, ಮೂಳೆಯಿಂದ ಸುಣ್ಣ ಕರಗಿ ಮೂಳೆ ಟೊಳ್ಳಾಗುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ಇದಕ್ಕೆ ವೈದ್ಯರು ಮಾತ್ರೆ ಕೊಡುತ್ತಾರೆ. ಆ ಮಾತ್ರೆಯನ್ನು ಊಟದ ಜೊತೆಯಲ್ಲೇ ನುಂಗಬೇಕು. ಊಟದಲ್ಲಿಯ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವುದು ಅದರ ಕೆಲಸ. ಬರಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಕೆನೆ ತೆಗೆದ ಹಾಲು ಕೊಟ್ಟರೆ ಆಗುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಕೆನೆ ತೆಗೆದರೆ ಹೋಗುವುದು ಫ್ಯಾಟ್, ಎಸ್.ಎನ್.ಎಫ್. ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ರಂಜಕ ಕಡಿಮೆಯಾಗುವುದಿಲ್ಲ. ಹಾಲಿನ ಪುಡಿ, ಖೋವಾ ಇವುಗಳಲ್ಲಿ ಅದು ಇನ್ನೂ ಮಂದವಾಗಿ ಸೇರಿರುತ್ತದೆ. ತುಪ್ಪದಲ್ಲಿ ಮಾತ್ರ ಇವು ಇಲ್ಲವೆನ್ನುವಷ್ಟು ಕಡಿಮೆ. ಮಜ್ಜಿಗೆಗೆ ನೀರು ಬೆರೆಸಿದಷ್ಟೂ ಲೋಟಕ್ಕೆ ಎಸ್.ಎನ್.ಎಫ್. ಕಡಿಮೆಯಾಗುವುದು ನಿಜ, ಆದರೆ ಆ ನೀರು ಕೂಡ ಲೆಕ್ಕಕ್ಕೆ ಬರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಆರೋಗ್ಯವಂತರು ಹಾಲು ಕುಡಿದರೆ ಮೂತ್ರಪಿಂಡ ಕೆಡುವುದಿಲ್ಲ. ಈ ಲೆಕ್ಕವೆಲ್ಲ ಕಾಯಿಲೆ ಮುಂದುವರಿದವರಿಗೆ. ಅವರಿಗೂ ಹಾಲು ವಿಷವಲ್ಲ, ಅಳತೆಯ ಪದಾರ್ಥ. ಎಷ್ಟು ಎಂಬುದನ್ನು ರಕ್ತದ ಚೀಟಿ ಹೇಳುತ್ತದೆ.

ಎಳನೀರು, ಬಸ್ಸಾರು, ಮುದ್ದೆ

ಪೊಟ್ಯಾಸಿಯಂ ಏರಿದರೆ ಮುನ್ಸೂಚನೆಯೇ ಇಲ್ಲದೆ ಹೃದಯ ನಿಲ್ಲಬಹುದು. ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವವರು ಎಳನೀರು, ಬಾಳೆಹಣ್ಣು ಹಿಡಿದು ಹೋಗುತ್ತಾರೆ. 100 ಮಿ.ಲೀ. ಎಳನೀರಿನಲ್ಲಿ 200ರಿಂದ 250 ಮಿ.ಗ್ರಾಂ, 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿ.ಗ್ರಾಂ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಏರಿರುವ ರೋಗಿಗೆ ಇವನ್ನು ಕೊಡಲೇಬಾರದು. ಸೇಬು, ಅನಾನಸ್ ಮುಂತಾದವುಗಳಲ್ಲಿ ಅದು ಕಡಿಮೆ. ಐದು ಏಣಿನ ಕಮರಾಕ್ಷಿ ಹಣ್ಣು ಮಾತ್ರ ಮೂತ್ರಪಿಂಡ ಕೆಟ್ಟವರಿಗೆ ಒಂದು ಹೋಳೂ ಬೇಡ. ಅದರಲ್ಲಿರುವ ವಿಷಾಂಶ ಮಿದುಳಿಗೆ ಏರಿ ಬಿಕ್ಕಳಿಕೆ, ಮಂಕು, ಫಿಟ್ಸ್ ಬಂದು ಸಾವೂ ಆಗಿರುವುದುಂಟು.

ತರಕಾರಿ, ಗೆಡ್ಡೆಗಳನ್ನು ಸಣ್ಣಗೆ ಹೆಚ್ಚಿ, ಬಿಸಿ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಒಂದಷ್ಟು ಹೋಗುತ್ತದೆ. ಇಲ್ಲಿ ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದದ್ದೊಂದಿದೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದಲೇ ನಾವು ಬಸ್ಸಾರು ಮಾಡುತ್ತೇವೆ. ಹೋಗಲಿ ಎಂದು ಬಸಿದ ಪೊಟ್ಯಾಸಿಯಂ ಎಲ್ಲ ಆ ಸಾರಿನಲ್ಲಿ ಮತ್ತೆ ತಟ್ಟೆಗೆ ಬರುತ್ತದೆ. ರೋಗಿಗೆ ಪಲ್ಯ ಬಡಿಸಿ, ಬಸ್ಸಾರು ಬೇಡ.

ಮುದ್ದೆ ಬಿಡಬೇಕೆ? ರಾಗಿಯಲ್ಲಿ ಪೊಟ್ಯಾಸಿಯಂ ಪಾಲಿಶ್ ಅಕ್ಕಿಗಿಂತ ಸುಮಾರು ನಾಲ್ಕು ಪಟ್ಟು, ರಂಜಕ ಸುಮಾರು ಎರಡು ಪಟ್ಟು. ಹಿಟ್ಟಿನಿಂದ ಅದನ್ನು ಬಸಿದು ತೆಗೆಯಲೂ ಬರುವುದಿಲ್ಲ. ಆದರೆ ಧಾನ್ಯದ ರಂಜಕ ಹಾಲಿನ ರಂಜಕದಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಹತೋಟಿಯಲ್ಲಿದ್ದರೆ ಚಿಕ್ಕ ಮುದ್ದೆಗೆ ಅವಕಾಶ ಸಿಗಬಹುದು. ನಿಮ್ಮ ಮನೆಯ ಊಟ ಮುದ್ದೆ ಎಂದು ಆಹಾರ ತಜ್ಞರಿಗೆ ನಾಚಿಕೆಯಿಲ್ಲದೆ ಹೇಳಿ. ಹೇಳಿದರೆ ಮಾತ್ರ ಅದಕ್ಕೆ ಲೆಕ್ಕದಲ್ಲಿ ಜಾಗ ಮಾಡುತ್ತಾರೆ.

ಉಪ್ಪು ಮತ್ತು ನೀರು

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದರಲ್ಲೇ ಸೇರಿತು. ಒಗ್ಗರಣೆಗೆ ಮೊದಲೇ, ಉಪ್ಪು ಹಾಕುವ ಮುನ್ನ, ರೋಗಿಯ ಪಾಲು ತೆಗೆದಿಡುವುದು ಸುಲಭ ಉಪಾಯ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದನ್ನು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ.

ಮೂತ್ರ ಕಡಿಮೆಯಾದ ಡಯಾಲಿಸಿಸ್ ರೋಗಿಗೆ ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು ಮತ್ತು ಅದರ ಮೇಲೆ 500 ಮಿ.ಲೀ. ದ್ರವ ಗೊತ್ತುಮಾಡುತ್ತಾರೆ. ಕಾಫಿ, ಸಾರು, ಮಜ್ಜಿಗೆ, ಗಂಜಿ ಎಲ್ಲ ದ್ರವವೇ. ಬೆಳಿಗ್ಗೆ ಆ ದಿನದ ನೀರನ್ನು ಒಂದು ಸೀಸೆಯಲ್ಲಿ ತುಂಬಿಡಿ. ಕಾಫಿ ಕುಡಿದರೆ ಅಷ್ಟೇ ನೀರನ್ನು ಸೀಸೆಯಿಂದ ತೆಗೆದುಬಿಡಿ. ಸೀಸೆ ಬರಿದಾದರೆ ಆ ದಿನದ ಪಾಲು ಮುಗಿಯಿತು.

ಮೂತ್ರಪಿಂಡದ ಕಲ್ಲಿಗೂ ಮೂತ್ರಪಿಂಡದ ವೈಫಲ್ಯಕ್ಕೂ ಬಹಳ ಜನ ವ್ಯತ್ಯಾಸ ಮಾಡುವುದಿಲ್ಲ. ಕಲ್ಲು ಇದ್ದವರಿಗೆ ಹೆಚ್ಚು ನೀರು ಕುಡಿಯಲು ಹೇಳುತ್ತಾರೆ, ಬಾಳೆದಿಂಡಿನ ರಸ ಕುಡಿಯುವವರೂ ಉಂಟು. ಅದನ್ನೇ ವೈಫಲ್ಯವಾದವರಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ತುಂಬಿ, ಪೊಟ್ಯಾಸಿಯಂ ಏರಿ ಪ್ರಾಣಕ್ಕೆ ಬರುತ್ತದೆ.

ಪಶುವೈದ್ಯನಾಗಿ ಎರಡು ಮಾತು

ಮೊದಲನೆಯದು ನೋವಿನ ಮಾತ್ರೆ. ಡೈಕ್ಲೊಫೆನಾಕ್ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಮೂಹಿಕವಾಗಿ ಸತ್ತವು. ಅದಕ್ಕಾಗಿಯೇ 2006ರಲ್ಲಿ ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಹದ್ದಿನಷ್ಟು ಸೂಕ್ಷ್ಮ ಮನುಷ್ಯನಲ್ಲ, ನಿಜ. ಆದರೆ ಇದೇ ಗುಂಪಿನ ನೋವಿನ ಮಾತ್ರೆಗಳನ್ನು ಮಂಡಿನೋವಿಗೆ, ಸೊಂಟನೋವಿಗೆ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಮನುಷ್ಯನ ಮೂತ್ರಪಿಂಡವೂ ಕೆಡುತ್ತದೆ. ಕಾಯಿಲೆ ಈಗಾಗಲೇ ಇದ್ದವರಿಗೆ ಕೆಲವು ಮಾತ್ರೆಗಳೇ ಸಾಕು.

ಎರಡನೆಯದು ಹಸಿ ಹಾಲು. ಬದಲಿ ಮೂತ್ರಪಿಂಡ ಜೋಡಿಸಿಕೊಂಡವರು ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಇಂಥವರು ಕಾಯಿಸದ ಹಾಲು, ಅದರಿಂದ ಮಾಡಿದ ಬೆಣ್ಣೆ, ಸರಿಯಾಗಿ ಬೇಯದ ಗಿಣ್ಣು ಬಾಯಿಗೆ ಹಾಕಬಾರದು. ಬ್ರುಸೆಲ್ಲಾ, ಕ್ಷಯ ಮುಂತಾದ ರೋಗಾಣುಗಳು ಹಸಿ ಹಾಲಿನ ಮೂಲಕ ಬರುತ್ತವೆ. ಕಂದು ಹಾಕಿದ ಹಸುವಿನ ಸತ್ತೆ, ಸತ್ತ ಕರು ಮುಟ್ಟುವ ಕೆಲಸವನ್ನೂ ಅವರಿಗೆ ಹಚ್ಚಬೇಡಿ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು.

2. ಮೂತ್ರಪಿಂಡದ ಕಾಯಿಲೆ ಎಂದು ತಿಳಿದ ಕೂಡಲೇ ವೈದ್ಯರನ್ನು ಕೇಳಿ ಆಹಾರ ತಜ್ಞರಲ್ಲಿಗೆ ಚೀಟಿ ಬರೆಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. 2021ರ ಕಾಯಿದೆಯಲ್ಲಿ ಈ ವೃತ್ತಿಗೂ ಮಾನ್ಯತೆ ದೊರೆತಿದೆ. ಓದಿ ತರಬೇತಿ ಪಡೆದವರೇ ಎಂದು ಕೇಳಿ ತಿಳಿದುಕೊಳ್ಳಿ.

3. ಹೋಗುವಾಗ ಇತ್ತೀಚಿನ ರಕ್ತದ ಚೀಟಿಗಳು, ನುಂಗುವ ಎಲ್ಲ ಮಾತ್ರೆಗಳು, ಮನೆಯಲ್ಲಿ ಬಳಸುವ ಲೋಟ ಮತ್ತು ಸೌಟು ತೆಗೆದುಕೊಂಡು ಹೋಗಿ. ರೋಗಿಯ ಜೊತೆಗೆ ಅಡುಗೆ ಮಾಡುವವರೂ ಹೋಗಲೇಬೇಕು.

4. ಕೊಟ್ಟ ಪಟ್ಟಿಯನ್ನು ವರ್ಷಗಟ್ಟಲೆ ಹಿಡಿದುಕೊಂಡಿರಬೇಡಿ. ರಕ್ತದ ಅಂಕಿ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಒಬ್ಬ ರೋಗಿಯ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಈ ಲೇಖನದ ಅಂಕಿಗಳೂ ತಿಳಿವಳಿಕೆಗೆ ಮಾತ್ರ.

5. ಹಾಲಾಗಲಿ ಬೇಳೆಯಾಗಲಿ ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಹೆಚ್ಚಿಸಲೂ ಬೇಡಿ.

ಹಸುವಿಗೆ ಹಿಂಡಿಯನ್ನು ತೂಗಿ ಹಾಕುವ, ಸಂಘಕ್ಕೆ ಹಾಲನ್ನು ಅಳೆದು ಹಾಕುವ ನಮಗೆ ಮನೆಯ ರೋಗಿಗೆ ಅಳೆದು ಬಡಿಸುವುದು ಕಷ್ಟವಲ್ಲ. ಸಂಘದ ಕಾರ್ಯದರ್ಶಿಗಳು ಈ ಲೇಖನವನ್ನು ಹಾಲು ಶೇಖರಣೆಯ ವೇಳೆಯಲ್ಲಿ ಓದಲು ಬಾರದ ಸದಸ್ಯರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.